1963ರ ಟ್ರಾವೆಲ್ ಟ್ರೇಲರ್: ಕಿಟಕಿ ಗಾಜು ಬದಲಿಸಬೇಕು, ಯಾವ ಗಾಜು, ಯಾವ ಬೀಡಿಂಗ್?

ರಘು_ಮಿಶಿಗನ್

ನಮಸ್ಕಾರ. ಗಾಡಿ 1963ರದ್ದು, 16 ಅಡಿ. ಅಮೆರಿಕದಲ್ಲಿ ‘ಕ್ಯಾನ್ಡ್ ಹ್ಯಾಮ್’ ಅಂತಾರಲ್ಲ, ಪಕ್ಕದಿಂದ ನೋಡಿದರೆ ಹ್ಯಾಮ್ ಡಬ್ಬಿ ಹಾಗೆ ಕಾಣೋದು, ಆ ಜಾತಿ. ಹೊರಗೆ ಅಡ್ಡ ಏಣುಗಳಿರುವ ತೆಳು ಅಲ್ಯೂಮಿನಿಯಂ ಶೀಟ್, ಒಳಗೆ ಮರದ ಚೌಕಟ್ಟು, ಅದರ ಮೇಲೆ ಪ್ಲೈವುಡ್.

ಪಕ್ಕಗಳಲ್ಲಿ ಮತ್ತು ಹಿಂದೆ ಸೇರಿ ನಾಲ್ಕು ಕಿಟಕಿ, ಹಿಡಿ ತಿರುಗಿಸಿದರೆ ಕೆಳಗಿನಿಂದ ಹೊರಕ್ಕೆ ತೆರೆದುಕೊಳ್ಳುತ್ತವೆ. ಹಿಡಿಯ ಮೇಲೆ ‘ಹೇರ್’ ಅಂತ ಕಿಟಕಿ ಕಂಪನಿಯ ಹೆಸರಿದೆ. ಎರಡರ ಗಾಜು ಸೀಳಿದೆ. ಮೂರನೆಯದಕ್ಕೆ ಹಿಂದಿನ ಮಾಲೀಕರು ಯಾರೋ ಅಕ್ರಿಲಿಕ್ ಹಾಕಿದ್ದಾರೆ, ಅದು ಮಧ್ಯದಲ್ಲಿ ಉಬ್ಬಿ ನಿಂತಿದೆ. ಮುಂದಿನ ದೊಡ್ಡ ಕಿಟಕಿ ತೆರೆಯೋದಿಲ್ಲ, ಬರೀ ರಬ್ಬರ್ ಬೀಡಿಂಗ್‌ನಲ್ಲಿ (ಗಾಜಿನ ಅಂಚು ಹಿಡಿಯುವ ಪಟ್ಟಿ) ಕೂತಿದೆ. ರಬ್ಬರ್ ಒಣಗಿ ಬಿರುಕು. ಕಿಟಕಿಗಳ ಕೆಳಮೂಲೆಯಲ್ಲಿ ಒಳಗಿನ ಪ್ಲೈವುಡ್ ಕಪ್ಪಾಗಿದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಅಳತೆಗೆ ಕತ್ತರಿಸಿ ಕೊಡುವ ಮಾಮೂಲಿ ಗಾಜು ಹಾಕಬಹುದಾ? ಫ್ರೇಮ್ ಗೋಡೆಯಲ್ಲೇ ಇರಲಿ, ಗಾಜು ಮಾತ್ರ ಬದಲಿಸಿ ಸುತ್ತ ಸಿಲಿಕೋನ್ ಹೊಡೆದರೆ ಸಾಕಾ?

ಗಾಜಿನಂಗಡಿ

ರಘು ಅವರೇ, ಮೊದಲು ಗಾಜಿನ ವಿಷಯ. ಫ್ರೇಮಿನ ಬಗ್ಗೆ ಬಲ್ಲವರು ಬೇರೆ ಇದ್ದಾರೆ, ಹೇಳುತ್ತಾರೆ.

ಹಾರ್ಡ್‌ವೇರ್ ಅಂಗಡಿಯ ಗಾಜು ಮನೆಯ ಕಿಟಕಿಗೆ ಸರಿ, ಓಡುವ ಗಾಡಿಗೆ ಬೇಡ. ಒಡೆದರೆ ಕತ್ತಿಯಂಥ ಉದ್ದ ಚೂರುಗಳಾಗುತ್ತದೆ, ಮತ್ತು ಆ ಕಿಟಕಿಗಳ ಕೆಳಗೇ ಹಾಸಿಗೆ ಇರುತ್ತದೆ. ಅರವತ್ತರ ದಶಕದ ಎಷ್ಟೋ ಟ್ರೇಲರ್‌ಗಳಲ್ಲಿ ಮೂಲದಲ್ಲೇ ಮಾಮೂಲಿ ಗಾಜು ಇತ್ತು ಅನ್ನೋದು ನಿಜ, ಹಾಗಂತ ಅದನ್ನೇ ಮುಂದುವರಿಸಬೇಕಿಲ್ಲ. ಈಗಿರುವುದು ಯಾವುದು ಎಂದು ತಿಳಿಯಲು ಮೂಲೆಯಲ್ಲಿ ಚಿಕ್ಕ ಮುದ್ರೆ ಇದೆಯೇ ನೋಡಿ. ಮುದ್ರೆ ಇಲ್ಲದಿದ್ದರೆ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು, ಆಕಾಶ ಗಾಜಿನಲ್ಲಿ ಪ್ರತಿಫಲಿಸುವ ಹಾಗೆ ಓರೆಯಾಗಿ ನೋಡಿ. ಮಬ್ಬು ಚುಕ್ಕೆ, ಪಟ್ಟೆಗಳು ಕಂಡರೆ ಅದು ಟೆಂಪರ್ ಮಾಡಿದ ಗಾಜು, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ್ದು. ನಿಮ್ಮದು ‘ಸೀಳಿದೆ’ ಅಂದಿರಿ, ಅಂದರೆ ಆ ಎರಡಂತೂ ಟೆಂಪರ್ ಮಾಡಿದ್ದಲ್ಲ. ಟೆಂಪರ್ ಮಾಡಿದ್ದು ಸೀಳಿ ನಿಲ್ಲುವುದಿಲ್ಲ, ಪೂರ್ತಿ ಪುಡಿಯಾಗುತ್ತದೆ.

ತೆರೆಯುವ ನಾಲ್ಕಕ್ಕೂ 1/8 ಇಂಚಿನ ಟೆಂಪರ್ಡ್ ಗಾಜು. ಊರಲ್ಲಿ ಟಫನ್ಡ್ ಅಂತೀವಲ್ಲ, ಅದೇ. ಇದನ್ನು ಟೆಂಪರ್ ಮಾಡಿದ ಮೇಲೆ ಕತ್ತರಿಸಲು, ತೂತು ಕೊರೆಯಲು, ಅಂಚು ತೇಯಲು ಬರುವುದಿಲ್ಲ. ಕೂರಲಿಲ್ಲ ಎಂದರೆ ಇನ್ನೊಂದು ಮಾಡಿಸಬೇಕು, ಅಷ್ಟೇ. ಇಷ್ಟು ತೆಳುವಿನದನ್ನು ಎಲ್ಲ ಅಂಗಡಿಯವರೂ ಟೆಂಪರ್ ಮಾಡಿಸಿ ಕೊಡುವುದಿಲ್ಲ. ‘3/16 ತಗೊಳ್ಳಿ’ ಅಂತಾರೆ. ಒಪ್ಪಬೇಡಿ. ಹಳೆಯ ಸಂದಿಗೆ, ಹಳೆಯ ಬೀಡಿಂಗ್‌ಗೆ ಅದು ತುರುಕಿದರೂ ಹೋಗದು. ಅಂಗಡಿಗೆ ಹೋಗುವಾಗ ಒಡೆದ ಗಾಜಿನ ತುಂಡಿನ ದಪ್ಪವನ್ನು ಕ್ಯಾಲಿಪರ್‌ನಲ್ಲಿ ಅಳೆದುಕೊಂಡು ಹೋಗಿ. 2.5 ಮಿ.ಮೀ. ಬಂದರೆ ಅದು 3/32. ಆಗ 1/8 ಗಾಜಿಗೆ ಹೊಂದುವ ಬೀಡಿಂಗ್ ಬೇರೆ ತರಿಸಬೇಕು.

ಮುಂದಿನ ಕಿಟಕಿಗೆ ಮಾತ್ರ ಲ್ಯಾಮಿನೇಟೆಡ್, ಅಂದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಅಂಟಿಸಿದ್ದು. ಎಳೆಯುವ ಗಾಡಿಯ ಹಿಂಚಕ್ರ ಎಸೆಯುವ ಕಲ್ಲೆಲ್ಲ ಅಲ್ಲಿಗೇ ಬರುವುದು. ಟೆಂಪರ್ಡ್ ಆದರೆ ಒಂದೇ ಕಲ್ಲಿಗೆ ಇಡೀ ಗಾಜು ಉದುರುತ್ತದೆ, ಹೆದ್ದಾರಿಯ ಗಾಳಿ ಒಳಗೆ ನುಗ್ಗುತ್ತದೆ. ಲ್ಯಾಮಿನೇಟೆಡ್ ಬಿರುಕು ಬಿಟ್ಟರೂ ಜಾಗದಲ್ಲೇ ನಿಲ್ಲುತ್ತದೆ. ಆದರೆ ಎರಡು 2.5 ಮಿ.ಮೀ. ಗಾಜು, ನಡುವೆ 0.76 ಮಿ.ಮೀ. ಪದರ ಸೇರಿ 5.76 ಮಿ.ಮೀ. ಆಗುತ್ತದೆ ಎಂಬುದು ನೆನಪಿರಲಿ. ರಬ್ಬರ್ ತರಿಸುವ ಮೊದಲು ಗಾಜಿನ ದಪ್ಪ ನಿಶ್ಚಯ ಮಾಡಿಕೊಳ್ಳಿ, ಹಿಂದುಮುಂದು ಮಾಡಬೇಡಿ.

ತುರ್ತಿಗೆ ಹೊರಬೀಳಲು ಇರುವ ಕಿಟಕಿಗೆ ಲ್ಯಾಮಿನೇಟೆಡ್ ಬೇಡ, ಒಳಗಿನಿಂದ ಒಡೆಯಲು ಕಷ್ಟ.

ಗಿರೀಶ್_ಆಸ್ಟಿನ್

ಅಷ್ಟೆಲ್ಲ ಯಾಕೆ ಸರ್? ಅಕ್ರಿಲಿಕ್ ಶೀಟ್ ಮನೆಯಲ್ಲೇ ಕತ್ತರಿಸಬಹುದು, ಹಗುರ, ಒಡೆದರೂ ಅಪಾಯ ಕಡಿಮೆ. ಇಲ್ಲಾಂದ್ರೆ ಪಾಲಿಕಾರ್ಬೊನೇಟ್ ಹಾಕಿ, ಸುತ್ತಿಗೆಯಲ್ಲಿ ಹೊಡೆದರೂ ಒಡೆಯಲ್ಲ.

ಗಾಜಿನಂಗಡಿ

ಗಿರೀಶ್, ರಘು ಅವರ ಮೂರನೇ ಕಿಟಕಿ ಯಾಕೆ ಉಬ್ಬಿದೆ ಅಂತ ಲೆಕ್ಕ ಹಾಕೋಣ. ಗಾಜಿನ ಅಗಲ 28 ಇಂಚು, ಅಂದರೆ ಸುಮಾರು 710 ಮಿ.ಮೀ. ಎಂದುಕೊಳ್ಳಿ. ಮಿಶಿಗನ್‌ನಲ್ಲಿ ಚಳಿಗಾಲದ ರಾತ್ರಿ ಮೈನಸ್ 15 ಡಿಗ್ರಿ ಸೆಲ್ಸಿಯಸ್, ಬೇಸಿಗೆ ಬಿಸಿಲಿಗೆ ಕಾದ ಮೈ 45. ವ್ಯತ್ಯಾಸ 60 ಡಿಗ್ರಿ. ಇಷ್ಟಕ್ಕೆ ಗಾಜು ಹಿಗ್ಗುವುದು 0.4 ಮಿ.ಮೀ., ಅಲ್ಯೂಮಿನಿಯಂ ಫ್ರೇಮ್ 1 ಮಿ.ಮೀ., ಅಕ್ರಿಲಿಕ್ 3 ಮಿ.ಮೀ. ಗಾಜಿನ ಅಳತೆಗೇ ಬಿಗಿಯಾಗಿ ಕತ್ತರಿಸಿ ಹಾಕಿದರೆ ಆ ಎರಡು ಮಿಲಿಮೀಟರ್ ಹೋಗಲು ಜಾಗವಿಲ್ಲದೆ ಮಧ್ಯಕ್ಕೆ ಉಬ್ಬುತ್ತದೆ. ಚಳಿಯಲ್ಲಿ ಅದೇ ಕುಗ್ಗಿ ಬೀಡಿಂಗ್‌ನಿಂದ ಈಚೆಗೆ ಬರುತ್ತದೆ. ಅಕ್ರಿಲಿಕ್ ಹಾಕಲೇಬೇಕೆಂದರೆ ಎರಡೂ ಬದಿಗೆ ತಲಾ 2 ಮಿ.ಮೀ. ಬಿಡುವು ಬೇಕು, ಅಷ್ಟು ಬಿಟ್ಟ ಮೇಲೂ ಅಂಚು ಹಿಡಿತದಲ್ಲಿರುವಷ್ಟು ಆಳದ ಸಂದು ಬೇಕು.

ಪಾಲಿಕಾರ್ಬೊನೇಟ್‌ಗೆ ಇನ್ನೊಂದು ರೋಗ. ಮೆದು ಪಿವಿಸಿ ಬೀಡಿಂಗ್‌ನಲ್ಲಿರುವ ಎಣ್ಣೆಯಂಥ ಪದಾರ್ಥ ಅದಕ್ಕೆ ಇಳಿದು ಅಂಚಿನಿಂದ ಕೂದಲೆಳೆ ಬಿರುಕು ಶುರುವಾಗುತ್ತದೆ. ಹೇರ್ ಕಿಟಕಿಗಳಿಗೆ ಸಿಗುವ ಬೀಡಿಂಗ್ ಬಹಳಷ್ಟು ಪಿವಿಸಿಯೇ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಕೂಡ ಎರಡೂ ಪ್ಲಾಸ್ಟಿಕ್‌ಗೆ ಆಗದು. ಎರಡೂ ಗೀರು ಬೀಳುತ್ತವೆ, ಪಾಲಿಕಾರ್ಬೊನೇಟ್ ಬಿಸಿಲಿಗೆ ಹಳದಿಯಾಗುತ್ತದೆ.

ಶಾಂತಲಾ_ಜಿ

ರಘು ಅವರೇ, ಗಾಜು ಮಾತ್ರ ಬದಲಿಸಿದರೆ ನಿಮ್ಮ ಅರ್ಧ ತೊಂದರೆ ಹಾಗೇ ಉಳಿಯುತ್ತೆ. ಪ್ಲೈವುಡ್ ಕೆಳಮೂಲೆಯಲ್ಲಿ ಕಪ್ಪಾಗಿರುವುದು ನೀರು ಗೋಡೆಗೆ ಇಳಿದ ಗುರುತು. ಫ್ರೇಮಿನ ಅಂಚಿಗೂ ಅಲ್ಯೂಮಿನಿಯಂ ಶೀಟಿಗೂ ನಡುವೆ ಹಾಕಿದ್ದ ಪುಟ್ಟಿ 60 ವರ್ಷಕ್ಕೆ ಒಣಗಿ ಕಲ್ಲಾಗಿದೆ. ಫ್ರೇಮ್ ಪೂರ್ತಿ ಹೊರಗೆ ಬರಬೇಕು.

ಒಂದು ಸಲಕ್ಕೆ ಒಂದೇ ಕಿಟಕಿ ತೆಗೆಯಿರಿ. ಎಲ್ಲ ಒಟ್ಟಿಗೆ ತೆಗೆದರೆ ತೆಳು ಗೋಡೆ ಜಗ್ಗಿ ತೂತಿನ ಆಕಾರವೇ ಬದಲಾಗಬಹುದು, ಮಳೆ ಬಂದರಂತೂ ಕೇಳಬೇಡಿ. ಪ್ರತಿ ಫ್ರೇಮಿಗೂ ಮಾಸ್ಕಿಂಗ್ ಟೇಪಿನ ಮೇಲೆ ನಂಬರ್ ಬರೆದು ಅಂಟಿಸಿ, ಮೇಲ್ಭಾಗ ಯಾವುದು ಅಂತಲೂ ಗುರುತು ಹಾಕಿ. ನೋಡಲು ಒಂದೇ ಥರ ಇದ್ದರೂ ತೂತುಗಳು ಒಂದಕ್ಕೊಂದು ಹೊಂದುವುದಿಲ್ಲ.

ಒಳಗಿನ ಪಟ್ಟಿ ಬಿಚ್ಚಿ, ಆಮೇಲೆ ಹೊರಗಿನ ಸ್ಕ್ರೂಗಳು. ತುಕ್ಕು ಹಿಡಿದ ಉಕ್ಕಿನ ಸ್ಕ್ರೂ ತಲೆ ಸವೆದರೆ ಬಲವಂತ ಮಾಡಬೇಡಿ, ತಲೆ ಮಾತ್ರ ಡ್ರಿಲ್ ಮಾಡಿ ಹಾರಿಸಿ. ಫ್ರೇಮ್ ಬಂದ ಮೇಲೆ ಉಳಿದ ಕಾಂಡವನ್ನು ಲಾಕಿಂಗ್ ಪ್ಲೈಯರ್‌ನಲ್ಲಿ ತಿರುಗಿಸಿದರೆ ಬರುತ್ತೆ. ಪುಟ್ಟಿಗೆ ಹೀಟ್ ಗನ್ನಿನಲ್ಲಿ ಸ್ವಲ್ಪ ಬಿಸಿ ಕೊಟ್ಟು, ಅಗಲ ಪ್ಲಾಸ್ಟಿಕ್ ಕರಣೆಯನ್ನು ಅಂಚಿನ ಅಡಿ ತೂರಿಸುತ್ತಾ ಸುತ್ತಲೂ ಬನ್ನಿ. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಶೀಟ್ ನೆಗ್ಗುತ್ತೆ. ಆ ಕಾಲದ ಪುಟ್ಟಿ, ಬಣ್ಣ ಒಣಗಿದ್ದನ್ನು ಉಜ್ಜಿ ಧೂಳು ಎಬ್ಬಿಸಬೇಡಿ. ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ಅಮೆರಿಕದಲ್ಲಿ ನಿಷೇಧಿಸಿದ್ದು 1978ರಲ್ಲಿ. ಒದ್ದೆ ಮಾಡಿ ಕೆರೆಯಿರಿ, ಮಾಸ್ಕ್ ಹಾಕಿಕೊಳ್ಳಿ. ಉಳಿದ ಅಂಟನ್ನು ಮಿನರಲ್ ಸ್ಪಿರಿಟ್ಸ್‌ನಲ್ಲಿ ಒರೆಸಿ.

ಈಗ ಕಿಟಕಿ ತೂತಿನ ಸುತ್ತಲ ಮರ. ಇದೇ ಮುಖ್ಯ. ದಬ್ಬಳದಿಂದ ಚುಚ್ಚುತ್ತಾ ಬನ್ನಿ, ಕೆಳಗಿನ ಅಡ್ಡಪಟ್ಟಿ ಮತ್ತು ಎರಡು ಮೂಲೆಗಳನ್ನು ವಿಶೇಷವಾಗಿ. ದಬ್ಬಳ ಸಲೀಸಾಗಿ ಇಳಿದರೆ ಆ ತುಂಡು ಕತ್ತರಿಸಿ ಹೊಸದು ಹಾಕಬೇಕು. ಇವುಗಳಲ್ಲಿ ಸಾಮಾನ್ಯವಾಗಿ ಇರುವುದು 3/4 ಇಂಚು ದಪ್ಪ, 1 1/2 ಇಂಚು ಅಗಲದ ಪಟ್ಟಿ, ಅಂಗಡಿಯಲ್ಲಿ ‘ಒನ್ ಬೈ ಟೂ’ ಅಂತ ಸಿಗುತ್ತೆ. ಕೊಳೆತ ಜಾಗ ಬೆರಳಗಲ ಇದ್ದರೆ ತೆಳು ಎಪಾಕ್ಸಿ ಕುಡಿಸಿ ಗಟ್ಟಿ ಮಾಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಎಪಾಕ್ಸಿ ಬರೀ ಸಮಾಧಾನಕ್ಕೆ. ಸ್ಕ್ರೂ ಹಿಡಿಯುವುದೇ ಈ ಮರವನ್ನು. ಮರ ಮೆತ್ತಗಿದ್ದರೆ ಫ್ರೇಮ್ ಬಿಗಿಯಾಗಲ್ಲ, ಫ್ರೇಮ್ ಬಿಗಿಯಾಗದಿದ್ದರೆ ಎಂಥ ಟೇಪ್ ಹಾಕಿದರೂ ನೀರು ಬರುತ್ತೆ.

ವಾಪಸ್ ಕೂರಿಸಲು ಬ್ಯುಟೈಲ್ ಟೇಪ್ (ಒಣಗದೆ ಮೆತ್ತಗೇ ಉಳಿಯುವ ಅಂಟು ರಬ್ಬರ್ ಪಟ್ಟಿ), 1/8 ಇಂಚು ದಪ್ಪ, 3/4 ಅಥವಾ 1 ಇಂಚು ಅಗಲ. ಪಕ್ಕದಲ್ಲೇ ಇಟ್ಟಿರುವ ‘ಪುಟ್ಟಿ ಟೇಪ್’ ಬೇಡ, ಅದು ಮತ್ತೆ ಒಣಗುತ್ತೆ. 28ಕ್ಕೆ 14ರ ಕಿಟಕಿಯ ಸುತ್ತಳತೆ 7 ಅಡಿ, ಅಂಚು ಸೇರಿ 8 ಅಂತ ಇಟ್ಟುಕೊಳ್ಳಿ. ನಾಲ್ಕಕ್ಕೆ 32 ಅಡಿ. 30 ಅಡಿಯ ಸುರುಳಿ ಎರಡು ತನ್ನಿ, ಯಾಕಂದ್ರೆ ನಿಮ್ಮ ಶೀಟಿನಲ್ಲಿ ಏಣುಗಳಿವೆ. ಫ್ರೇಮಿನ ನೇರ ಅಂಚು ಏಣಿನ ಮೇಲೆ ಕೂರುತ್ತೆ, ಪಕ್ಕದ ತಗ್ಗು ಖಾಲಿ ಉಳಿಯುತ್ತೆ. ಮೊದಲು ಪ್ರತಿ ತಗ್ಗಿಗೂ ಟೇಪಿನ ಚಿಕ್ಕ ತುಂಡು ಒತ್ತಿ ಸಮ ಮಾಡಿ, ಆಮೇಲೆ ಫ್ರೇಮಿನ ಹಿಂಬದಿಗೆ ಒಂದು ಪೂರ್ತಿ ಸುತ್ತು. ಸೇರುವ ಜಾಗ ಮೇಲ್ಗಡೆ ಬೇಡ, ಕೆಳಗಡೆ ಬರಲಿ.

ಸ್ಕ್ರೂ 8ನೇ ನಂಬರಿನ ಸ್ಟೇನ್‌ಲೆಸ್, 1 ಇಂಚು ಉದ್ದ ಸಾಕು. ಅದಕ್ಕಿಂತ ಉದ್ದ ಹಾಕುವ ಮುನ್ನ ಮರದ ದಪ್ಪ ನೋಡಿ, ಒಳಗಿನ ಪ್ಲೈವುಡ್ ತೂರಿ ಈಚೆ ಬಂದೀತು. ಹಳೇ ತೂತು ದೊಡ್ಡದಾಗಿದ್ದರೆ ಅಂಟು ಹಚ್ಚಿದ ಮರದ ಕಡ್ಡಿ ತುಂಬಿ ಹೊಸದಾಗಿ ಕೊರೆಯಿರಿ. ಎದುರುಬದುರು ಮೂಲೆಗಳಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಬಿಗಿಸಿ. ಬ್ಯುಟೈಲ್ ನಿಧಾನವಾಗಿ ಹರಿಯುವ ವಸ್ತು. ಮಾರನೇ ದಿನ ಬಿಸಿಲು ಬಿದ್ದ ಮೇಲೆ ಮತ್ತೊಂದು ಸುತ್ತು ಬಿಗಿಸಬೇಕು, ಎರಡು ದಿನ ಬಿಟ್ಟು ಇನ್ನೊಮ್ಮೆ. ಹೊರಗೆ ಉಬ್ಬಿ ಬಂದದ್ದನ್ನು ಪ್ಲಾಸ್ಟಿಕ್ ಚಾಕುವಿನಿಂದ ಕತ್ತರಿಸಿ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಈ ಕೆಲಸ ಬೇಡ, ಟೇಪ್ ಮರಗಟ್ಟಿರುತ್ತೆ.

ಸಿಲಿಕೋನ್ ಬೇಡವೇ ಬೇಡ. ಇವತ್ತು ನಿಲ್ಲಬಹುದು, ಆದರೆ ಬಿಟ್ಟುಕೊಂಡಾಗ ಅದರ ಜಿಡ್ಡಿನ ಮೇಲೆ ಬೇರೆ ಸೀಲಂಟ್, ಬಣ್ಣ ಯಾವುದೂ ಅಂಟಲ್ಲ, ಇನ್ನೊಂದು ಸುತ್ತು ಸಿಲಿಕೋನ್ ಸಹ ನೆಟ್ಟಗೆ ಹಿಡಿಯಲ್ಲ. ಮೇಲಿನ ಮತ್ತು ಪಕ್ಕದ ಅಂಚಿಗೆ ತೆಳು ಗೆರೆ ಬೇಕೆಂದರೆ ಸಿಕಾಫ್ಲೆಕ್ಸ್ 221 ಥರದ ಪಾಲಿಯುರೆಥೇನ್ ಎಳೆಯಿರಿ. ಕೆಳಗಿನ ಅಂಚು ಮುಚ್ಚಬೇಡಿ. ಒಳಗೆ ಒಂದು ಹನಿ ಹೋದರೂ ಹೊರಬರಲು ಅದೇ ದಾರಿ.

ರಘು_ಮಿಶಿಗನ್

ಶಾಂತಲಾ ಮೇಡಂ, ಗಾಜಿನಂಗಡಿ ಸರ್, ತುಂಬಾ ಉಪಕಾರವಾಯ್ತು. ಒಂದು ಕಿಟಕಿ ಬಿಚ್ಚಿದೆ. ತೆರೆಯುವ ಭಾಗದ ಒಳಸಂದಿನಿಂದ ಒಳಸಂದಿಗೆ ಅಗಲ ಮೂರು ಕಡೆ ಅಳೆದರೆ 28 3/8, 28 3/8, 28 5/16 ಬರ್ತಿದೆ. ಎತ್ತರ ಎಲ್ಲ ಕಡೆ 14 1/4. ಸಂದಿನ ಆಳ 3/8. ಗಾಜು ಎಷ್ಟಕ್ಕೆ ಹೇಳಲಿ? ಮೂಲೆಯ ಸ್ಕ್ರೂಗಳು ಅಲ್ಲಾಡ್ತಿಲ್ಲ.

ಗಾಜಿನಂಗಡಿ

ಮೂರರಲ್ಲಿ ಚಿಕ್ಕದನ್ನೇ ಹಿಡಿಯಬೇಕು, 28 5/16. ಯು ಆಕಾರದ ಬೀಡಿಂಗ್‌ನ ತಳದ ದಪ್ಪ ಪ್ರತಿ ಬದಿಗೆ ಸುಮಾರು 1/16, ಬಿಡುವು ಪ್ರತಿ ಬದಿಗೆ 1/16. ಒಟ್ಟು 1/4 ಕಳೆಯಿರಿ. ಗಾಜು 28 1/16ಕ್ಕೆ 14. ಆಗ ಅಂಚು ಸಂದಿನೊಳಗೆ 1/4 ಇಂಚು ಹೋಗಿರುತ್ತದೆ. ಟೆಂಪರ್ ಮಾಡುವವರು 1/16 ಹೆಚ್ಚುಕಡಿಮೆ ಮಾಡಿದರೂ ನಡೆಯುತ್ತದೆ. ಬೀಡಿಂಗ್ ಕೈಗೆ ಬಂದ ಮೇಲೆ ತಳದ ದಪ್ಪ ಅಳೆದು ಲೆಕ್ಕ ಇನ್ನೊಮ್ಮೆ ನೋಡಿ, ಆಮೇಲೆ ಆರ್ಡರ್ ಕೊಡಿ.

ಆದರೆ 1/16 ವ್ಯತ್ಯಾಸ ಬಂದದ್ದು ಯಾಕೆ? ಎರಡು ಕರ್ಣಗಳನ್ನೂ ಅಳೆಯಿರಿ. ಅವು 1/8ಕ್ಕಿಂತ ಹೆಚ್ಚು ಬೇರೆಯಾಗಿದ್ದರೆ ಫ್ರೇಮ್ ಓರೆಯಾಗಿದೆ, ಮೊದಲು ಅದನ್ನು ನೆಟ್ಟಗೆ ಮಾಡಿ. ಓರೆ ಫ್ರೇಮಿಗೆ ಟೆಂಪರ್ಡ್ ಗಾಜು ಒತ್ತಿ ಕೂರಿಸಿದರೆ ಒಂದು ಮೂಲೆ ಅಲ್ಯೂಮಿನಿಯಂಗೆ ತಾಗಿ ಕೂತಿರುತ್ತದೆ, ಯಾವತ್ತೋ ರಸ್ತೆಗುಂಡಿಯಲ್ಲಿ ಪಟ್ ಅಂತ ಪುಡಿ. ಟೆಂಪರ್ಡ್‌ನ ಮರ್ಮ ಇರುವುದೇ ಅಂಚಿನಲ್ಲಿ. ಮೂಲೆ ದುಂಡಗಿರುವ ಕಿಟಕಿಯಾದರೆ ಅಳತೆ ಬರೆದುಕೊಡಬೇಡಿ, 3 ಮಿ.ಮೀ. ಹಾರ್ಡ್‌ಬೋರ್ಡಿನಲ್ಲಿ ನಮೂನೆ ಕತ್ತರಿಸಿ ಬೀಡಿಂಗ್ ಸಮೇತ ಕೂರಿಸಿ ನೋಡಿ, ಅದನ್ನೇ ಅಂಗಡಿಗೆ ಕೊಡಿ. ಅಂಚು ಉಜ್ಜಿ ಕೊಡಿ ಎಂದು ಬಾಯಿಬಿಟ್ಟು ಹೇಳಿ.

ಅಂದಹಾಗೆ ಈ ಅಳತೆಯ 1/8 ಗಾಜು ಸುಮಾರು 2 ಕೆ.ಜಿ. ತೂಗುತ್ತದೆ. ಇಲ್ಲಿ ಲ್ಯಾಮಿನೇಟೆಡ್ ಹಾಕಿದರೆ 3 ಕೆ.ಜಿ. ದಾಟುತ್ತದೆ. ಹಿಡಿಯ ಒಳಗಿನ ಹಲ್ಲುಚಕ್ರ ಮೆದು ಎರಕದ ಲೋಹ, ಆ ಭಾರಕ್ಕೆ ಬೇಗ ಸವೆಯುತ್ತದೆ.

ಮೂಲೆ ಸ್ಕ್ರೂ: ಅಲ್ಯೂಮಿನಿಯಂ ಒಳಗೆ ಉಕ್ಕು ಕೂತು ಎರಡೂ ಕಚ್ಚಿಕೊಂಡಿವೆ. ಕಚ್ಚಿಕೊಂಡ ಸ್ಕ್ರೂ ಬಿಡಿಸುವ ಪೆನೆಟ್ರೇಟಿಂಗ್ ಆಯಿಲ್ ಹಾಕಿ ಒಂದು ರಾತ್ರಿ ಬಿಡಿ. ಮೊದಲು ಕಾಲು ಸುತ್ತು ಬಿಗಿಸುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ. ಬಗ್ಗದಿದ್ದರೆ ಡ್ರಿಲ್. ಹೊಸ ಸ್ಕ್ರೂಗೆ ಮತ್ತೆ ಕಚ್ಚಿಕೊಳ್ಳದಂತೆ ತಡೆಯುವ ಆಂಟಿಸೀಜ್ ಪೇಸ್ಟ್ ಹಚ್ಚದೆ ಹಾಕಬೇಡಿ.

ಬೀಡಿಂಗನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ, ಗಾಜಿನ ಸುತ್ತ ಮೇಲಂಚಿನ ಮಧ್ಯದಿಂದ ಶುರುಮಾಡಿ ತೊಡಿಸಿ. ಮೂಲೆಯಲ್ಲಿ ಎರಡೂ ತುಟಿಗಳಿಗೆ 45 ಡಿಗ್ರಿಯ ಕಚ್ಚು, ತಳ ಮಾತ್ರ ಕತ್ತರಿಸಬಾರದು. ಎಳೆದು ತೊಡಿಸಬೇಡಿ. ಎಳೆದದ್ದು ತಿಂಗಳೊಪ್ಪತ್ತಿನಲ್ಲಿ ಕುಗ್ಗಿ ಮೂಲೆಗಳಲ್ಲಿ ಬಾಯಿ ಬಿಡುತ್ತದೆ. ಸೋಪುನೀರು ಹಚ್ಚಿ ಫ್ರೇಮಿನ ತುಂಡುಗಳನ್ನು ಒಂದೊಂದಾಗಿ ಒತ್ತಿ, ಸುತ್ತಿಗೆ ಬೇಕಾದರೆ ರಬ್ಬರ್ ಸುತ್ತಿಗೆ, ಅದೂ ಮರದ ತುಂಡು ಅಡ್ಡ ಇಟ್ಟು. ಕೆಳಪಟ್ಟಿಯಲ್ಲಿ ನೀರು ಹರಿದುಹೋಗುವ ಚಿಕ್ಕ ತೂತುಗಳಿರುತ್ತವೆ, ಜೋಡಿಸುವ ಮೊದಲೇ ತಂತಿ ಹಾಕಿ ಬಿಡಿಸಿಕೊಳ್ಳಿ.

ಹಳೇಬಸ್_ಹುಬ್ಬಳ್ಳಿ

ಮುಂದಿನ ಕಿಟಕಿ ಬಗ್ಗೆ ನಾನು ಹೇಳ್ತೀನಿ. ಬಸ್ ಬಾಡಿ ಕೆಲಸದಾಗ ಮುಂದಿನ ಗ್ಲಾಸ್ ಕೂಡಸೋದೂ ಇದೇ ರೀತಿ. ರಬ್ಬರಿಗೆ ಎರಡು ಸಂದು ಇರ್ತಾವ, ಒಂದು ಗ್ಲಾಸಿಗೆ, ಇನ್ನೊಂದು ಶೀಟಿನ ಅಂಚಿಗೆ. ಕೆಲವು ರಬ್ಬರಿಗೆ ಮ್ಯಾಲೆ ಫಿಲ್ಲರ್ ಪಟ್ಟಿ ಬ್ಯಾರೆ ಬರ್ತದ, ಅದನ್ನ ಹಾಕಿದ ಮ್ಯಾಲೇ ರಬ್ಬರ್ ಬಿಗಿಯಾಗಿ ಹಿಡಿಯೋದು.

ರಬ್ಬರ್ ಕತ್ತರಿಸೋವಾಗ ನೂರಕ್ಕ ಒಂದು ಪಾಲು ಉದ್ದ ಬಿಡ್ರಿ. 3 ಮೀಟರ್ ಸುತ್ತಿಗೆ 30 ಮಿ.ಮೀ. ಒತ್ತಿ ಒಳಗ ಕೂಡಸಿದ್ರ ಜೋಡು ಬಿಡಂಗಿಲ್ಲ. ರಬ್ಬರಿನ ಜೋಡು, ಫಿಲ್ಲರಿನ ಜೋಡು ಒಂದೇ ಕಡೆ ಬರಬಾರದು.

ಮೊದಲ ಗ್ಲಾಸಿಗೆ ರಬ್ಬರ್ ತೊಡಸ್ರಿ. ಶೀಟಿನ ಸಂದಿನೊಳಗ 4 ಮಿ.ಮೀ. ನೈಲಾನ್ ಹಗ್ಗ ಸುತ್ತೂ ಕೂಡಸಿ, ಎರಡು ತುದಿ ಕೆಳಗ ನಡುವ ಒಂದು ಗೇಣು ದಾಟಿಸಿ ಟ್ರೇಲರಿನ ಒಳಗಿನ ಕಡೆ ಬಿಡ್ರಿ. ಸೋಪಿನ ನೀರು ಬಳಿರಿ. ಎಣ್ಣಿ, ಗ್ರೀಸ್ ಬ್ಯಾಡ, ರಬ್ಬರ್ ಉಬ್ಬತದ. ಒಬ್ಬರು ಹೊರಗ ಅಂಗೈಲೆ ಒತ್ತಬೇಕು, ಒಬ್ಬರು ಒಳಗ ಹಗ್ಗ ಎಳೀಬೇಕು, ಹಗ್ಗ ಬಂದಂಗ ರಬ್ಬರಿನ ತುಟಿ ಶೀಟಿನ ಮ್ಯಾಲೆ ಮಗಚಿ ಬರ್ತದ. ಎಳಿಯೋದು ಗ್ಲಾಸಿನ ನಡುಭಾಗದ ದಿಕ್ಕಿಗೆ, ಹೊರಗ ಒತ್ತೋ ಕೈ ಹಗ್ಗ ಇರೋ ಜಾಗಾದ ಎದುರಿಗೇ ಇರಬೇಕು. ಬ್ಯಾರೆ ಕಡೆ ಒತ್ತಿದ್ರ ಗ್ಲಾಸ್ ಸೀಳತದ.

ಶೀಟಿನ ಅಂಚು ಎಲ್ಲೆರೆ ಬಾಗಿದ್ರ ಮೊದಲ ಅದನ್ನ ನೆಟ್ಟಗ ಮಾಡ್ಕೊರಿ. ಲ್ಯಾಮಿನೇಟೆಡ್ ಗ್ಲಾಸಿನ ಅಂಚಿಗೆ ನೀರು ನಿಂತ್ರ ವರ್ಷ ಕಳೆಯೋದರಾಗ ಸುತ್ತೂ ಬಿಳಿ ಪೊರೆ ಏಳತದ. ವಿನೆಗರ್ ವಾಸನಿ ಬರೋ ಸಿಲಿಕೋನ್‌ಗೂ ಹಂಗ ಆಗತದ.

ಸುಮಾ_ಕೆ

ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ನಮ್ಮದು 1967ರ ಏರ್‌ಸ್ಟ್ರೀಮ್ ಕಂಪನಿಯ ಟ್ರೇಲರ್, ಗಾಜು ಗೋಡೆಯ ಜೊತೆಗೇ ಬಾಗಿದೆ, ಸುತ್ತ ಫ್ರೇಮ್ ಕಾಣೋದೇ ಇಲ್ಲ. ಇದಕ್ಕೂ ಹೀಗೇನಾ?

ಗಾಜಿನಂಗಡಿ

ಇಲ್ಲ ಸುಮಾ ಅವರೇ. 1966ರಿಂದ 68ರವರೆಗಿನ ಏರ್‌ಸ್ಟ್ರೀಮ್‌ಗಳಲ್ಲಿ ಕಾರ್ನಿಂಗ್ ಕಂಪನಿಯ ಬಾಗಿದ ಗಾಜು ಇದೆ, ರಾಸಾಯನಿಕವಾಗಿ ಗಟ್ಟಿ ಮಾಡಿದ ತೆಳು ಗಾಜು. ಅದನ್ನು ಕತ್ತರಿಸಲು ಬರುವುದಿಲ್ಲ, ಸಪಾಟಾದ ಟೆಂಪರ್ಡ್ ಗಾಜನ್ನು ಅಲ್ಲಿ ಬಗ್ಗಿಸಿ ಕೂರಿಸಲೂ ಆಗದು. ಒಡೆಯದಿದ್ದರೆ ಕೈ ಹಚ್ಚಬೇಡಿ, ಸುತ್ತಲ ರಬ್ಬರ್ ಮಾತ್ರ ಬದಲಿಸಿ. ಒಡೆದಿದ್ದರೆ ಬೇರೆ ಚರ್ಚೆಯೇ ಶುರುಮಾಡಿ, ಪ್ಲಾಸ್ಟಿಕ್‌ಗೆ ನಾನು ಒಪ್ಪಿಗೆ ಕೊಡುವ ಜಾಗ ಅದೊಂದೇ.

ಶಾಂತಲಾ_ಜಿ

ರಘು ಅವರೇ, ಎರಡು ಮಾತು ಬಿಟ್ಟುಹೋಗಿತ್ತು. ತೆರೆಯುವ ಭಾಗಕ್ಕೂ ಹೊರಫ್ರೇಮಿಗೂ ನಡುವೆ ಇರುವ ಟೊಳ್ಳು ರಬ್ಬರನ್ನೂ ಈಗಲೇ ಬದಲಿಸಿ, ಕಿಟಕಿ ಕೈಯಲ್ಲಿರುವಾಗ ಸುಲಭ. ವಿಂಟೇಜ್ ಟ್ರೇಲರ್ ಸಪ್ಲೈ ಥರದ ಅಂಗಡಿಗಳಲ್ಲಿ ಹೇರ್ ಕಿಟಕಿಗಳಿಗೆಂದೇ ಸಿಗುತ್ತೆ. ಹಳೇ ರಬ್ಬರಿನ ಅಡ್ಡ ಕೊಯ್ದ ತುಂಡಿನ ಫೋಟೋವನ್ನು ಸ್ಕೇಲ್ ಪಕ್ಕ ಇಟ್ಟು ತೆಗೆದು ಹೋಲಿಸಿ ತರಿಸಿ. ಸ್ಪಂಜಿನ ಪಟ್ಟಿ ಅಂಟಿಸಬೇಡಿ, ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತೆ. ಹೊಸ ರಬ್ಬರ್ ದಪ್ಪ ಜಾಸ್ತಿಯಾಗಿ ಮುಚ್ಚಲು ಹಿಡಿಯನ್ನು ಒತ್ತಿ ತಿರುಗಿಸಬೇಕಾಗಿ ಬಂದರೆ ರಬ್ಬರ್ ತಪ್ಪು ಅಂತ ಲೆಕ್ಕ, ಹಿಡಿ ಮುರಿಯುವ ತನಕ ಕಾಯಬೇಡಿ.

ಇನ್ನು ನೀರಿನ ಪರೀಕ್ಷೆ. ತೋಟದ ಪೈಪಿನಲ್ಲಿ ಮಳೆಯಷ್ಟು ಮೆಲ್ಲಗೆ, ಕೆಳಗಿನ ಅಂಚಿನಿಂದ ಶುರುಮಾಡಿ ಒಂದೊಂದು ಮಟ್ಟಕ್ಕೆ ಐದು ನಿಮಿಷ, ಮೇಲಕ್ಕೆ ಹೋಗುತ್ತಾ ಬನ್ನಿ. ಒಳಗೆ ಒಬ್ಬರು ಟಾರ್ಚ್ ಹಿಡಿದು ಟಿಶ್ಯೂ ಕಾಗದದಿಂದ ಮೂಲೆ ಮುಟ್ಟಿ ನೋಡುತ್ತಿರಲಿ. ಮೇಲಿನಿಂದ ಶುರುಮಾಡಿದರೆ ಯಾವ ಅಂಚಿನಿಂದ ಬಂತು ಅಂತ ಗೊತ್ತಾಗಲ್ಲ. ಪ್ರೆಶರ್ ವಾಷರ್ ಹಿಡಿಯಲೇಬೇಡಿ. ಕಿಟಕಿಯ ಮೇಲಂಚಿನವರೆಗೆ ಒಳಗೆ ಒಣಗಿದ್ದು, ಚಾವಣಿ ಗೋಡೆ ಸೇರುವ ಅಲ್ಯೂಮಿನಿಯಂ ಪಟ್ಟಿಗೆ ನೀರು ಬಿಟ್ಟಾಗ ಮಾತ್ರ ಕಿಟಕಿ ಮೂಲೆ ಒದ್ದೆಯಾದರೆ ತಪ್ಪು ಕಿಟಕಿಯದಲ್ಲ. ಆ ಪಟ್ಟಿಯ ಒಳಗಿನ ಪುಟ್ಟಿಯೂ 1963ರದ್ದೇ. ನೀರು ಗೋಡೆಯೊಳಗೆ ಇಳಿದು ಕಿಟಕಿಯ ಮರ ಸಿಕ್ಕಿದಲ್ಲಿ ಈಚೆ ಬರುತ್ತೆ. ಹಾಗೇನಾದರೂ ಕಂಡರೆ ಕಪ್ಪಾದ ಪ್ಲೈವುಡ್‌ಗೆ ವಾರ್ನಿಷ್ ಹೊಡೆಯುವುದನ್ನು ನಿಲ್ಲಿಸಿ, ಆ ಪಟ್ಟಿ ಬಿಚ್ಚಿ.

ರಘು_ಮಿಶಿಗನ್

ಕರ್ಣ ಅಳೆದೆ, 3/16 ವ್ಯತ್ಯಾಸ. ಫ್ರೇಮ್ ನೆಟ್ಟಗೆ ಮಾಡೋ ತನಕ ಗಾಜು ಆರ್ಡರ್ ಕೊಡಲ್ಲ. ಮುಂದಿನ ಕಿಟಕಿಗೆ ಹಗ್ಗ ತಂದಿಟ್ಟಿದ್ದೀನಿ.